ಎಲೆಯ ಮೇಲೆ ಬಡಿಸಿದ ಕಾರ್ಬುರೇಟರ್

ಜಯತೀರ್ಥ ಸತ್ತು ಒಂದು ವರ್ಷ ಆಯಿತು. ಮಾತಾಡಿಸಲು ಬಂದವರೆಲ್ಲ ಒಳ್ಳೆಯ ಮನುಷ್ಯ ಇದ್ದ ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಅವನ ಹೆಂಡತಿ ನರ್ಮದಾಗೆ ಆ ಮಾತು ಸಾಲುವುದಿಲ್ಲ. ಒಳ್ಳೆಯವರು ಮುಂಡರಗಿಯಲ್ಲಿ ಬಹಳ ಮಂದಿ ಇದ್ದಾರೆ. ಜೀಪಿನ ಕಾರ್ಬುರೇಟರನ್ನು ಊಟದ ಎಲೆಯ ಮೇಲೆ ಬಡಿಸುವವನು ಒಬ್ಬನೇ ಇದ್ದ.

ಅವರದು ಗುಡಿಯ ಪೂಜೆಯ ಮನೆತನ. ತಂದೆ ಮಾರ್ತಾಂಡಾಚಾರ್ಯರು ಮೂವತ್ತು ವರ್ಷ ಪೂಜೆ ಮಾಡಿದವರು. ಜಯತೀರ್ಥನಿಗೂ ಮಂತ್ರ ಬರುತ್ತಿತ್ತು, ತಪ್ಪಿಲ್ಲದೆ ಬರುತ್ತಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಮಂಗಳಾರತಿಯ ಹೊತ್ತಿಗೆ ಆಚಾರ್ಯರು ಘಂಟೆಯ ಹಗ್ಗ ಜಗ್ಗಿದರೆ ಸಪ್ಪಳವೇ ಬರಲಿಲ್ಲ. ಘಂಟೆಯ ನಾಲಿಗೆ ಮಗನ ಧೋತರದ ಗಂಟಿನಲ್ಲಿತ್ತು. ಕೊಂಡಿ ಸವೆದಿದೆ ಎಂದು ಬಿಚ್ಚಿ ಇಟ್ಟುಕೊಂಡಿದ್ದ.

ನರ್ಮದಾ ಮುಳಗುಂದದವಳು. ನಾಲ್ಕನೆಯ ಇಯತ್ತೆ ಕಲಿತವಳು. ಎಪ್ಪತ್ತೈದನೆಯ ಇಸವಿಯಲ್ಲಿ ಮದುವೆಯಾಗಿ ಬಂದಾಗ ಹುಡುಗ ಪೂಜೆ ಮಾಡುತ್ತಾನೆ ಎಂದು ಹೇಳಿದ್ದರು. ಮೊದಲನೆಯ ವಾರ ಅವನ ಅಂಗಿ ಒಗೆಯುವಾಗ ಕಿಸೆಯಿಂದ ಏಳು ನಟ್ಟು, ಒಂದು ಸ್ಪ್ರಿಂಗು ಬಿದ್ದವು. ಅವಳು ಅವನ್ನು ತೊಳೆದು ಒಣಗಿಸಿ ಕೊಟ್ಟಳು. ಅವನು ಅವಳ ಮುಖ ಸರಿಯಾಗಿ ನೋಡಿದ್ದು ಅವತ್ತೇ.

ಪೂಜೆಯ ಸಾಮಾನು ತರುತ್ತೇನೆ ಎಂದು ಗದಗಿಗೆ ಹೋದರೆ ಅವನು ಕೊನೆಯ ಬಸ್ಸಿಗೇ ಬರುತ್ತಿದ್ದ. ಬೆಟಗೇರಿಯಲ್ಲಿ ರಹಮಾನಸಾಬ ಎಂಬ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೂತುಬಿಡುತ್ತಿದ್ದ. ಗಾಡಿ ನಡೆಸುವುದನ್ನೂ ಅಲ್ಲೇ ಕಲಿತಿದ್ದ. ರಹಮಾನಸಾಬ ಅವನಿಗೆ ಹೇಳಿದ್ದನಂತೆ: "ಆಚಾರ್ಯ, ಬಿಚ್ಚೂದು ಮಂಗ್ಯಾನೂ ಬಿಚ್ಚತೈತಿ. ತಿರುಗಿ ಹಚ್ಚೂದು ಕಲಿ."

ತಿರುಗಿ ಹಚ್ಚುವುದಕ್ಕೆ ಜಯತೀರ್ಥ ತನ್ನದೇ ದಾರಿ ಹುಡುಕಿದ. ಚಿಕ್ಕಂದಿನಿಂದ ಪಂಕ್ತಿಯಲ್ಲಿ ಬಡಿಸಿದ ಕೈ ಅದು. ಎಲೆಯ ಮೇಲೆ ಉಪ್ಪು ಎಲ್ಲಿ, ಚಟ್ನಿ ಎಲ್ಲಿ, ಕೋಸಂಬರಿ ಎಲ್ಲಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಒಂದು ಮುತ್ತಲದ ಎಲೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಒಂದೊಂದು ಪದಾರ್ಥದ ಜಾಗದಲ್ಲಿ ಇಡುತ್ತಿದ್ದ. ಬಿಚ್ಚುವಾಗ ಮಜ್ಜಿಗೆಯಿಂದ ಉಪ್ಪಿನ ಕಡೆಗೆ. ಹಚ್ಚುವಾಗ ಉಪ್ಪಿನಿಂದ ಮಜ್ಜಿಗೆಯ ಕಡೆಗೆ. ತಪ್ಪುವ ಮಾತೇ ಇಲ್ಲ.

ಮರುವರ್ಷ ಶ್ರಾವಣದಲ್ಲಿ ಆಚಾರ್ಯರ ಮೊಣಕಾಲು ಹಿಡಿದುಕೊಂಡವು. ಗರ್ಭಗುಡಿಯ ಹೊಸ್ತಿಲು ದಾಟಲು ಎರಡು ಕೈ ಊರುತ್ತಿದ್ದರು. ಮಗನನ್ನು ಕರೆದು ಒಂದೇ ಮಾತು ಹೇಳಿದರು.

"ಬರೂ ಅಮಾಸಿಂದ ಗುಡಿ ನಿಂದು. ಬ್ಯಾರೆ ನೌಕರಿ ಇದ್ದರ ಹೇಳು, ನನ್ನ ತಮ್ಮನ ಮಗನ್ನ ಕರಸ್ತೀನಿ. ಇಲ್ಲಾಂದ್ರ ಕೂಡು."

ಬೇರೆ ನೌಕರಿ ಎಲ್ಲಿಂದ ಬರಬೇಕು? ಜಯತೀರ್ಥ ಊರೆಲ್ಲ ತಿರುಗಿ ಹತ್ತಿ ಅರಳೆಯ ಮಿಲ್ಲಿನ ಮಾಲೀಕ ಅಂದಾನಪ್ಪನ ಹತ್ತಿರ ಹೋದ. ಅಂದಾನಪ್ಪನ ಹತ್ತಿರ ಒಂದು ಜೀಪು ಇತ್ತು. ಮಿಲಿಟರಿಯವರು ಹರಾಜು ಹಾಕಿದ್ದು. ನಾಲ್ಕೂ ಗಾಲಿ ಎಳೆಯುವ ಗಾಡಿ, ಎರೆಹೊಲದ ಕೆಸರು, ಹೊಳೆಯ ಉಸುಕು ಎಲ್ಲದರಲ್ಲೂ ಹೋಗಬೇಕಾದದ್ದು. ಎರಡು ವರ್ಷದಿಂದ ಮಿಲ್ಲಿನ ಹಿಂದೆ ನಿಂತಿತ್ತು. ಸೀಟಿನ ಮೇಲೆ ಕೋಳಿ ತತ್ತಿ ಇಡುತ್ತಿದ್ದವು.

"ನಾಳೆ ಗುಜರಿಯವ ಬರತಾನ," ಅಂದ ಅಂದಾನಪ್ಪ. "ಅದರೊಳಗ ಚಾಲು ಮಾಡಿ ನನ್ನ ಹಮ್ಮಿಗಿ ಹೊಲಕ್ಕ ಮುಟ್ಟಿಸಿದ್ರ ನೀನ ಡ್ರೈವರ, ನೀನ ಮೇಸ್ತ್ರಿ. ಆಗಲಿಲ್ಲಂದ್ರ ಸುಮ್ಮ ಹೋಗಿ ಘಂಟಿ ಬಾರಸು."

ಜಯತೀರ್ಥ ಹ್ಯಾಂಡಲು ಹಾಕಿ ತಿರುವಿದ. ಇಂಜಿನ್ನು ಎರಡು ಸಲ ಕೆಮ್ಮಿತು, ಸತ್ತಿತು. ಕಿಡಿ ಇತ್ತು. ಪೆಟ್ರೋಲು ಮುಂದೆ ಹೋಗುತ್ತಿರಲಿಲ್ಲ. ಹಳೆಯ ಪೆಟ್ರೋಲು ಕಾರ್ಬುರೇಟರಿನಲ್ಲೇ ಆರಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ನಳಿಗೆ ಬಿಡಿಸಿ, ಎಕ್ಸಿಲೇಟರಿನ ಸಳಿ ಕಳಚಿ, ಬುಡದ ನಟ್ಟು ತೆಗೆದು, ಕಾರ್ಬುರೇಟರನ್ನು ಕೂಸಿನ ಹಾಗೆ ಎತ್ತಿಕೊಂಡು ಮನೆಗೆ ತಂದ.

ಅವನ ತಾಯಿ ಕಮಲಾಬಾಯಿ ಹಿತ್ತಲ ಬಾಗಿಲಲ್ಲೇ ತಡೆದಳು. "ಆ ವಾಸನೀ ಕೈ ತಗೊಂಡು ಒಳಗ ಕಾಲಿಟ್ಟೀ, ನೋಡು!"

"ಇಲ್ಲವ್ವಾ, ಹಿತ್ತಲದಾಗ ಕೂಡ್ತೀನಿ. ಊಟಾನೂ ಇಲ್ಲೇ ಕೊಡು."

ಹಿತ್ತಲಲ್ಲಿ ಎಲೆ ಹಾಸಿ ಬಿಚ್ಚಲು ಕೂತ. ನರ್ಮದಾ ಸೀಮೆಎಣ್ಣೆಯ ಡಬ್ಬಿ ಹಿಡಿದು ಹತ್ತಿರ ನಿಂತಳು.

"ಇದು ಮ್ಯಾಲಿನ ಮುಚ್ಚಳ. ಇದು ಮಜ್ಜಿಗಿ," ಅಂದ. "ಇದು ಫ್ಲೋಟು, ಒಳಗ ಪೆಟ್ರೋಲಿನ ಮ್ಯಾಲೆ ತೇಲತದ. ಹೋಳಿಗಿ. ಇದು ಅದರ ಸೂಜಿ. ಪಲ್ಯಾದ ಜಾಗಾ."

"ಸ್ಪ್ರಿಂಗು?"

"ಕೋಸಂಬರಿ."

ಕೊನೆಗೆ ತಳದಿಂದ ಒಂದು ಹಿತ್ತಾಳೆಯ ಚೂರು ತೆಗೆದ. ಕಡಲೆ ಕಾಳಿನಷ್ಟು ಇತ್ತು. "ಇದು ಜೆಟ್ಟು. ಇದರ ತೂತಿನ್ಯಾಗ ಹಾಯ್ದು ಪೆಟ್ರೋಲ್ ಇಂಜಿನ್ನಿಗೆ ಹೋಗತದ. ತೂತು ಕಟ್ಟಿದ್ದಕ್ಕ ಇಷ್ಟೆಲ್ಲಾ. ಇದು ಉಪ್ಪು. ಇದಿಲ್ಲಂದ್ರ ಊಟಾನ ಇಲ್ಲ."

ಕಾರ್ಬುರೇಟರಿನ ಮೈಯನ್ನು ಸೀಮೆಎಣ್ಣೆಯಲ್ಲಿ ನೆನೆಯಲು ಹಾಕಿದ. ಊಟದ ಹೊತ್ತಾಯಿತು. ಬಿಸಿಲು ಎಲೆಯ ಮೇಲೆ ಬಂದಿತ್ತು. ನರ್ಮದಾ ಆ ಎಲೆಯನ್ನು ಜೋಪಾನವಾಗಿ ಸರಿಸಿ ನೆರಳಿಗೆ ತಂದಳು. ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ ಗಂಡನಿಗೆ ಬಡಿಸಿದಳು. ಅವನು ಗಬಗಬ ಉಂಡ. ತೂತು ಊದಲು ಸೈಕಲ್ ಪಂಪು ತರುತ್ತೇನೆ ಎಂದು ಅಂಗಡಿಗೆ ಓಡಿದ. ಅವಳು ಮಾವನಿಗೆ ಬಡಿಸಲು ಒಳಗೆ ಹೋದಳು.

ಕಮಲಾಬಾಯಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಆದರೂ ಅವಳ ಒಂದು ನೇಮ ತಪ್ಪುತ್ತಿರಲಿಲ್ಲ. ಉಂಡವರು ಎದ್ದ ಮೇಲೆ ಎಲೆ ಬಿದ್ದಿರಬಾರದು. ಹಿತ್ತಲಿಗೆ ಬಂದಳು, ಮಡಚಿದಳು, ಪಕ್ಕದ ಮನೆಯ ಎಮ್ಮೆಗೆಂದು ಮೋಟುಗೋಡೆಯ ಆಚೆ ಒಗೆದಳು. ನೆಲಕ್ಕೆ ಸಗಣಿ ಹಚ್ಚಿ ಸಾರಿಸಿದಳು.

ಪಂಪು ಹೊತ್ತುಕೊಂಡು ಬಂದ ಜಯತೀರ್ಥನಿಗೆ ಹಸಿ ನೆಲ ಕಂಡಿತು.

"ಅವ್ವಾ, ಎಲಿ?"

"ತಗದೆ."

"ಎಷ್ಟು ತಗದೀ?"

"ಎರಡಿದ್ದವು, ಎರಡೂ ತಗದೆ. ಒಂದು ಮುಟ್ಟೇ ಇಲ್ಲ ನೀನು, ಭಾರ ಇತ್ತು. ಅಷ್ಟು ಬಡಿಸಬ್ಯಾಡ ಅಂತ ನಿನ್ನ ಹೆಂಡತಿಗೆ ಹೇಳು."

ಅಷ್ಟರಲ್ಲಿ ಗೋಡೆಯ ಆಚೆಯಿಂದ ನೀಲಗಂಗವ್ವನ ದನಿ ಬಂತು. ಎಮ್ಮೆಯ ಒಡತಿ ಅವಳೇ. "ಕಮಲಾಬಾಯಾರ, ಇವತ್ತ ನಿಮ್ಮನ್ಯಾಗ ಏನ ಅಡಗಿ ಮಾಡೀರಿ? ನಮ್ಮ ಎಮ್ಮಿ ಮಾರಿ ತಿರುವಾಕ ಹತ್ತೈತಿ!"

ಜಯತೀರ್ಥ ಗೋಡೆ ಹಾರಿದ. ನರ್ಮದಾ ಸೆರಗು ಸಿಕ್ಕಿಸಿ ತಾನೂ ಹಾರಿದಳು. ಫ್ಲೋಟು ಗೋಡೆಯ ಬುಡದಲ್ಲಿತ್ತು. ಮುಚ್ಚಳ ಹುಲ್ಲಿನ ಮೇಲೆ. ಸೂಜಿಯನ್ನು ನೀಲಗಂಗವ್ವನೇ ಹೆಕ್ಕಿ ಕೊಟ್ಟಳು. ನರ್ಮದಾ ಹೊಸ ಎಲೆ ತಂದು ಸಿಕ್ಕಿದ್ದನ್ನು ಅದರದರ ಜಾಗಕ್ಕೆ ಇಟ್ಟಳು. ಸ್ಪ್ರಿಂಗು ಬಂತು, ಪಿನ್ನು ಬಂತು, ತಿರುಪುಗಳು ಬಂದವು. ಒಂದೇ ಜಾಗ ಬರಿದಾಗಿತ್ತು.

"ಉಪ್ಪಿಲ್ಲರಿ," ಅಂದಳು.

ಎಲೆ ಬಿದ್ದದ್ದು ಎಮ್ಮೆಗೆ ಮುಸುರೆ ಕುಡಿಸುವ ಕಲ್ಲುಬಾನಿಯ ಮೇಲೆ. ಬಾನಿಯ ತುಂಬ ಅಕ್ಕಚ್ಚು, ಹಿಟ್ಟು, ತೌಡು, ಕೆಸರಿನ ಹಾಗೆ. ಜಯತೀರ್ಥ ಮೊಣಕೈವರೆಗೆ ಕೈ ಹಾಕಿ ಜಾಲಾಡಿದ. ಸಿಗಲಿಲ್ಲ. ನರ್ಮದಾ ಹುಡುಕಿದಳು. ಸಿಗಲಿಲ್ಲ.

"ಎಮ್ಮಿ ನುಂಗಿದ್ರ ನಾಳಿಗೆ ಗೊತ್ತಾಕ್ಕೈತಿ ಬಿಡೋ ತಮ್ಮಾ," ಅಂದಳು ನೀಲಗಂಗವ್ವ. "ತಡಾ ಆದೀತು, ತಪ್ಪೂದಿಲ್ಲ."

ಯಾರಿಗೂ ನಗು ಬರಲಿಲ್ಲ. ನಾಳೆ ಗುಜರಿಯವನು ಬರುವವನಿದ್ದ. ಆಚಾರ್ಯರು ಹಿತ್ತಲ ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡರು. "ದೇವರ ಇಚ್ಛಾ ಏನದ ಅನ್ನೂದು ಸ್ಪಷ್ಟ ಆತು," ಅಂದು ಒಳಗೆ ಹೋದರು.

ಜಯತೀರ್ಥ ಎದ್ದು ನಿಂತ. "ಆತು ಬಿಡ್ರಿ. ಅಮಾಸಿಂದ ಗುಡಿಗೆ ಕೂಡ್ತೀನಿ," ಅಂದ. ಬಾವಿಯ ಕಡೆಗೆ ಹೋಗಿ ಸೀಗೆಪುಡಿ ಹಾಕಿ ಕೈ ತಿಕ್ಕತೊಡಗಿದ. ಯಾರೂ ಹೇಳದೆ ಅವನು ಕೈ ತೊಳೆದದ್ದು ನರ್ಮದಾ ಕಂಡಿರಲಿಲ್ಲ. ಅವನ ತಾಯಿಯೂ ಕಂಡಿರಲಿಲ್ಲ. ತಿಕ್ಕುವ ಸಪ್ಪಳ ನಿಲ್ಲಲೇ ಇಲ್ಲ.

ಕಮಲಾಬಾಯಿ ಆ ಸಪ್ಪಳ ಕೇಳುತ್ತ ಒಂದು ಗಳಿಗೆ ನಿಂತಳು. ನಲವತ್ತು ವರ್ಷ ಆ ಗೋಡೆಯ ಮೇಲಿಂದ ನೀಲಗಂಗವ್ವನ ಜೊತೆ ಮಾತಾಡಿದ್ದಳು. ಒಮ್ಮೆಯೂ ಆಚೆ ಹೋಗಿರಲಿಲ್ಲ.

"ನರ್ಮದಾ, ಕೈ ಹಿಡಿ," ಅಂದಳು.

"ಎಲ್ಲಿಗೆ ಅತ್ಯಾ?"

"ಎಮ್ಮೀ ಮನಿಗೆ."

ಗೋಡೆಯ ಮೇಲೆ ಕೂತು, ಒಂದು ಕಾಲು, ಇನ್ನೊಂದು ಕಾಲು, ಇಳಿದೇಬಿಟ್ಟಳು. ನೀಲಗಂಗವ್ವ ಬಾಯಿಯ ಮೇಲೆ ಕೈ ಇಟ್ಟಳು. ಕಮಲಾಬಾಯಿ ಸೀರೆ ಮೇಲೆ ಕಟ್ಟಿ, ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಮುಸುರೆಗೆ ಹಾಕಿದಳು. ಕಣ್ಣು ಮುಚ್ಚಿದಳು. ಕಣ್ಣು ಮಂಜಾದ ಮೇಲೆ ಆ ಮನೆಯ ಅಕ್ಕಿಯ ಕಲ್ಲು ಅವಳು ಬೆರಳಿನಿಂದಲೇ ಆರಿಸುತ್ತಿದ್ದಳು. ಒಂದು ದಿನವೂ ಯಾರ ಹಲ್ಲಿಗೂ ಕಲ್ಲು ಸಿಕ್ಕಿರಲಿಲ್ಲ. ಒಂದೊಂದು ಹಿಡಿ ಎತ್ತಿ, ಬೆರಳ ಸಂದಿಯಲ್ಲಿ ಜಾರಿಸಿ, ನೆಲಕ್ಕೆ ಹಾಕಿದಳು. ಹಿಡಿ, ಜಾರಿಸು, ಹಾಕು. ಎಮ್ಮೆ ಅವಳ ಬೆನ್ನು ಮೂಸಿತು.

"ಏ, ಸರೀ ಆಕಡೆ," ಅಂದಳು ಎಮ್ಮೆಗೆ.

ಬಾನಿ ಅರ್ಧ ಖಾಲಿಯಾಯಿತು. ಮುಕ್ಕಾಲು ಖಾಲಿಯಾಯಿತು. ಆಮೇಲೆ ಕೈ ನಿಂತಿತು.

"ಇದೇನು? ಇದಕ್ಕ ತೂತದ," ಅಂದಳು.

ನರ್ಮದಾ ಗಂಡನನ್ನು ಹೆಸರು ಹಿಡಿದು ಕೂಗಿದಳು. ಅಲ್ಲಿಯವರೆಗೆ ಹಾಗೆ ಕರೆದಿರಲಿಲ್ಲ. ಊರು ಕೇಳುವ ಹಾಗೆ ಕೂಗಿದಳು.

ಆಮೇಲೆ ಕೆಲಸ ಓಡಿತು. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದರು. ತೂತಿನಲ್ಲಿ ಹಳೆಯ ಅಂಟು ಹಾಗೇ ಇತ್ತು. "ತಂತಿ ಹಾಕಬಾರದು, ತೂತು ಅಗಲ ಆಗತದ," ಅಂದ ಜಯತೀರ್ಥ, ಹೆಂಡತಿಯ ಜಡೆ ನೋಡಿದ. ನರ್ಮದಾ ನಾಲ್ಕು ಕೂದಲು ಕಿತ್ತು ಕೊಟ್ಟಳು. ನೋವಾಯಿತು. ಅವನು ಹೊಸೆದು, ಪೆಟ್ರೋಲಿನಲ್ಲಿ ಅದ್ದಿ, ತೂತಿನಲ್ಲಿ ತೂರಿಸಿ ಎಳೆದ. ಅವಳು ಪಂಪು ಹೊಡೆದಳು. ಅವನು ಜೆಟ್ಟನ್ನು ಬಿಸಿಲಿಗೆ ಹಿಡಿದ. ಸಾಸಿವೆಯಷ್ಟು ಸೂರ್ಯ ಕಂಡ.

ಮುಚ್ಚಳದ ಕೆಳಗಿನ ರಟ್ಟು ಹರಿದಿತ್ತು. ಅದಕ್ಕೆ ಹಳೆಯ ಪಂಚಾಂಗದ ಹೊದಿಕೆ ಕತ್ತರಿಸಿದ. ಆಚಾರ್ಯರು ಒಳಗಿನಿಂದಲೇ, "ಕತ್ತರಿ ಸಪ್ಪಳ ಯಾಕ?" ಎಂದರು.

"ಹೋದ ವರ್ಷದ ಪಂಚಾಂಗ ರೀ, ತಿಥಿ ಎಲ್ಲಾ ಮುಗದಾವ," ಅಂದಳು ನರ್ಮದಾ.

ಉಪ್ಪಿನಿಂದ ಶುರು ಮಾಡಿ ಮಜ್ಜಿಗೆಯವರೆಗೆ ಹಚ್ಚಿದ. ಹೊತ್ತು ಇಳಿಯುವ ಮೊದಲು ಮಿಲ್ಲಿಗೆ ಒಯ್ದ. ನರ್ಮದಾ ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಕೋಳಿಗಳು ಒದರಾಡಿದವು. ಅದರ ಹಿಂದೆಯೇ ಇಂಜಿನ್ನಿನ ಸಪ್ಪಳ. ಅದು ನಿಲ್ಲಲಿಲ್ಲ. ಓಣಿಯೊಳಗೆ ಬಂತು, ಮನೆಯ ಮುಂದೆ ಬಂತು.

"ಇನ್ನೂ ಹಮ್ಮಿಗಿ ಮುಟ್ಟಿಲ್ಲ," ಅಂದರು ಆಚಾರ್ಯರು.

ಮರುದಿನ ಮುಂಜಾನೆ ಅಂದಾನಪ್ಪ ಮುಂದಿನ ಸೀಟಿಗೆ ಕೂತಿದ್ದ. ಕಮಲಾಬಾಯಿ ಗಂಟು ಕಟ್ಟಿಕೊಂಡು ಬಂದಳು. "ನಾನೂ ಬರಾಕಿ. ಎಮ್ಮೀ ಬಾನಿಗೆ ಕೈ ಹಾಕೀನಿ, ಅದು ಬಾವಿ ನೀರಿಗೆ ಹೋಗೂ ಮೈಲಿಗಿ ಅಲ್ಲ. ಹೊಳಿ ಸ್ನಾನ ಆಗಬೇಕು. ನರ್ಮದಾ, ಹತ್ತು."

"ನನ್ನ ಬಿಟ್ಟು ಹೊಂಟೀರೇನು?" ನೀಲಗಂಗವ್ವ ಓಡಿ ಬಂದಳು. "ಬಾನಿ ಯಾರದು?"

"ಇದು ಜೀಪೋ ಬೀಗರ ಗಾಡಿಯೋ?" ಅಂದ ಅಂದಾನಪ್ಪ. ಅಷ್ಟರಲ್ಲಿ ಮೂವರೂ ಹಿಂದೆ ಹತ್ತಿ ಕೂತಿದ್ದರು.

ಹಮ್ಮಿಗಿಯ ಹತ್ತಿರ ರಾತ್ರಿಯ ಮಳೆಗೆ ಎರೆಮಣ್ಣು ಹಿಟ್ಟಿನ ಹಾಗೆ ಕಲಸಿತ್ತು. ಒಂದು ಚಕ್ಕಡಿ ಅಚ್ಚಿನವರೆಗೆ ಹೂತು ನಿಂತಿತ್ತು. ಜಯತೀರ್ಥ ಸಣ್ಣ ಗೇರಿನ ಕೋಲು ಎಳೆದ. ನಾಲ್ಕೂ ಗಾಲಿ ಕಚ್ಚಿದವು. ಜೀಪು ವಾಲಿತು, ಗುರುಗುಟ್ಟಿತು, ಒಮ್ಮೆ ದನಿ ತಗ್ಗಿತು. ಅವನು ಕಾಲು ಎತ್ತಲಿಲ್ಲ. ದನಿ ಮತ್ತೆ ಏರಿತು. ಕೆಸರು ಅಂದಾನಪ್ಪನ ಬಿಳಿ ಟೊಪ್ಪಿಗೆಯ ತುಂಬ ಹಾರಿತು. ಗಾಡಿ ದಿಬ್ಬ ಹತ್ತಿ ನಿಂತಾಗ ಕೆಳಗೆ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು.

ಅಂದಾನಪ್ಪ ಟೊಪ್ಪಿಗೆ ತೆಗೆದು ಝಾಡಿಸಿದ. "ನಾಳೆ ಶಿರಹಟ್ಟಿ, ನಾಡಿದ್ದ ಲಕ್ಷ್ಮೇಶ್ವರ. ಏಳಕ್ಕ ಬರಬೇಕ್ರಿ ಡ್ರೈವರ ಸಾಹೇಬ್ರ."

ಹಿಂದಿನಿಂದ ಮೂವರು ಹೆಂಗಸರೂ ಒಟ್ಟಿಗೆ, "ಬರತಾನ!" ಅಂದರು.

ಸಂಜೆ ತಿರುಗಿ ಬಂದಾಗ ಆಚಾರ್ಯರು ಕಟ್ಟೆಯ ಮೇಲೆ ಕೂತಿದ್ದರು. ಕಮಲಾಬಾಯಿ ಇಳಿಯುತ್ತಲೇ, "ನಿಮ್ಮ ತಮ್ಮನ ಮಗಗ ಕಾಗದ ಬರೀರಿ. ಇವಗ ನೌಕರಿ ಆತು," ಅಂದಳು.

ಆಚಾರ್ಯರು ಎದ್ದರು. ಜೀಪಿನ ಸುತ್ತ ಒಂದು ಸುತ್ತು ಬಂದರು. ಗಾಲಿ ನೋಡಿದರು, ಕೆಸರು ನೋಡಿದರು, ಮಗನನ್ನು ನೋಡಿದರು.

"ಸಂಜೀ ಪೂಜಾಕ್ಕ ಹೊತ್ತಾತು," ಅಂದರು. "ಗುಡಿತನಕ ಬಿಡು."

ಗುಡಿ ಇನ್ನೂರು ಹೆಜ್ಜೆ ದೂರ. ಜಯತೀರ್ಥ ತಂದೆಯನ್ನು ಎತ್ತಿ ಮುಂದೆ ಕೂಡಿಸಿದ. ಗಾಡಿ ಓಣಿ ತಿರುಗುವಾಗ ಹಾರ್ನು ಕೇಳಿತು, ಒಂದು ಸಲ ಅಲ್ಲ, ಮೂರು ಸಲ. ನರ್ಮದಾ ಬಗ್ಗಿ ನೋಡಿದಳು. ಗಂಡನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಹಾರ್ನು ಒತ್ತುತ್ತಿದ್ದವರು ಆಚಾರ್ಯರು.