ಸದ್ದು ಅಡಗುವ ದಿಕ್ಕು

ಲೂಪ್ ಆಂಟೆನಾ ಕಟ್ಟಲು ಎಂಬ್ರಾಯ್ಡರಿ ರಿಂಗಿಗಿಂತ ಒಳ್ಳೆಯ ಸಾಮಾನಿಲ್ಲ ಎಂದು ನನಗೆ ಕಲಿಸಿದವರು ನನ್ನ ವಿದ್ಯಾರ್ಥಿಗಳು. ನಾನು ಪಿವಿಸಿ ಪೈಪು ತನ್ನಿ ಎಂದಿದ್ದೆ. ಅವರು ಜಯನಗರ ಫೋರ್ತ್ ಬ್ಲಾಕಿನಲ್ಲಿ ಲೇಸು, ಗುಂಡಿ ಮಾರುವ ಅಂಗಡಿಗೆ ನುಗ್ಗಿ, ಕಸೂತಿ ಹಾಕುವಾಗ ಬಟ್ಟೆಯನ್ನು ಬಿಗಿ ಹಿಡಿಯುವ ಆ ಮರದ ಬಳೆಗಳನ್ನು ತಂದರು. ಸುತ್ತ ತಾಮ್ರದ ತಂತಿ ಸುತ್ತಿ, ಪುಟ್ಟ ರಿಸೀವರಿಗೆ ಜೋಡಿಸಿ, ಯಾವುದೋ ಹರಕೆ ಹೊತ್ತವರಂತೆ ಅದನ್ನು ಎತ್ತಿ ಹಿಡಿದು ಲ್ಯಾಬಿನ ತುಂಬ ತಿರುಗಿದರು. ಬನಶಂಕರಿಯ ಒಂದು ಕಾಲೇಜಿನಲ್ಲಿ ನಾನು ರೇಡಿಯೊ ಸಂವಹನ ಕಲಿಸುತ್ತೇನೆ.

ಆ ವರ್ಷ ನಾನು ಬೋರ್ಡಿನ ಮುಂದೆ ನಿಂತು ಮಾಡುವ ಪಾಠ ಕಡಿಮೆ ಮಾಡಿ, ಇಡೀ ವಿಷಯವನ್ನು ಪ್ರಾಜೆಕ್ಟುಗಳಾಗಿ ಹಂಚಿಬಿಟ್ಟಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ಮೀಟಿಂಗಿನಲ್ಲಿ ಹೊಗಳಿದ್ದೇ ಹೊಗಳಿದ್ದು. ನಿಜವಾದ ಕಾರಣ ನನ್ನ ಎಡಗಿವಿ. ಹಿಂದಿನ ವರ್ಷ ಬಂದ ಒಂದು ಕೆಟ್ಟ ಜ್ವರ ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮೊದಲು ಕೆಲವು ದಿನ ಒಂದೇ ಸಮ ಪೀಂ ಎನ್ನುವ ಸದ್ದು, ಆಮೇಲೆ ಏನೂ ಇಲ್ಲ.

ಒಂದೇ ಕಿವಿಯಿದ್ದರೆ ಮಾತು ಕೇಳಿಸುತ್ತದೆ, ಎತ್ತಲಿಂದ ಬಂತೆಂದು ತಿಳಿಯುವುದಿಲ್ಲ. ತುಂಬಿದ ಕ್ಲಾಸಿನಲ್ಲಿ ಯಾರೋ ‘ಮೇಡಂ’ ಎಂದರೆ ನಾನು ಬೋರ್ಡಿನ ಕಡೆ ತಿರುಗಿ ಏನೋ ಒರೆಸುತ್ತ, ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿದ್ದೆ. ಎಡಗಡೆಯಿಂದ ಬಂದ ಮಾತಿಗೆಲ್ಲ ಒಂದು ನಗೆ ಇಟ್ಟುಕೊಂಡಿದ್ದೆ. ಲ್ಯಾಬಿನಲ್ಲಾದರೆ ಒಬ್ಬೊಬ್ಬರೇ ಹತ್ತಿರ ಬಂದು ಮಾತಾಡುತ್ತಾರೆ. ಮನೆಯವರನ್ನು ಬಿಟ್ಟು ಯಾರಿಗೂ ಇದನ್ನು ಹೇಳಿರಲಿಲ್ಲ. ಬಲಗಿವಿಯೂ ಅದೇ ದಾರಿ ಹಿಡಿದರೆ ಅಂದೇ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ. ಕಿವುಡಿ ಮೇಡಂ ಅನ್ನಿಸಿಕೊಂಡು ರೇಡಿಯೊ ಪಾಠ ಮಾಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಪಾಠ ಬಿಟ್ಟರೆ ಬದುಕುವುದು ಹೇಗೆಂದೂ ಗೊತ್ತಿರಲಿಲ್ಲ.

ಕಾರಿಡಾರಿನಲ್ಲಿ ನಡೆಯುವಾಗ, ಕ್ಯಾಂಟೀನಿಗೆ ಹೋಗುವಾಗ ಯಾರಾದರೊಬ್ಬರು ನನಗೆ ಅಂಟಿಕೊಂಡೇ ಬರುತ್ತಿದ್ದರು. ಈಗಿನ ಮಕ್ಕಳಿಗೆ ಮೇಡಂ ಮೇಲೆ ಎಷ್ಟು ಪ್ರೀತಿ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ಸೆಮಿಸ್ಟರಿನ ಕೊನೆಯ ಪ್ರಾಜೆಕ್ಟು ನರಿ ಬೇಟೆ. ನರಿಯೆಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರುವ ಸಣ್ಣ ಟ್ರಾನ್ಸ್‌ಮಿಟರು. ಹವ್ಯಾಸಿ ರೇಡಿಯೊ ನಡೆಸಲು ನನಗಿರುವ ಹ್ಯಾಮ್ ಲೈಸೆನ್ಸಿನ ನೆರಳಿನಲ್ಲಿ, ಎಲ್ಲೋ ಬಚ್ಚಿಟ್ಟುಕೊಂಡು ಒಂದೇ ಸಮ ಕೂಗುತ್ತಿರುತ್ತದೆ. ಅದನ್ನು ಲೂಪ್ ಹಿಡಿದು ಹುಡುಕಬೇಕು. ಸದ್ದು ಜೋರಾದ ಕಡೆ ಓಡಿದರೆ ದಾರಿ ತಪ್ಪುತ್ತದೆ, ಏಕೆಂದರೆ ಜೋರು ಹೆಚ್ಚುಕಡಿಮೆ ಎಲ್ಲ ಕಡೆಯೂ ಜೋರೇ. ಲೂಪನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕಡೆ ಸದ್ದು ಸಟ್ಟನೆ ಅಡಗುತ್ತದೆ. ಆಗ ರಿಂಗಿನ ಮುಖ ಎತ್ತ ತಿರುಗಿದೆಯೋ ಆ ಗೆರೆಯ ಮೇಲೆ ನರಿ ಇದೆ. ಮುಂದೋ ಹಿಂದೋ ತಿಳಿಯದು. ಇನ್ನೊಂದು ಜಾಗಕ್ಕೆ ಹೋಗಿ ಇನ್ನೊಂದು ಗೆರೆ ಹಿಡಿದರೆ ಎರಡೂ ಕೂಡುವಲ್ಲಿ ನರಿ. ಮಕ್ಕಳಿಗೆ ನಾನು ಮತ್ತೂ ಒಂದು ಮಾತು ಹೇಳಿದ್ದೆ. ನರಿಯ ಮಗ್ಗುಲಿಗೇ ಬಂದುಬಿಟ್ಟರೆ ಸದ್ದು ಎತ್ತ ತಿರುಗಿಸಿದರೂ ಅಡಗುವುದಿಲ್ಲ, ಆಗ ಲೂಪ್ ಕೆಳಗಿಟ್ಟು ಕಣ್ಣುಬಿಟ್ಟು ನೋಡಿ.

ಕೊನೆಯ ದಿನ ನರಿ ಅಡಗಿಸುವವರು ಅವರು, ಹುಡುಕುವವಳು ನಾನು. ಕಾನೂನು ಅವರದೇ. ‘ಇವತ್ತು ಮಾರ್ಕ್ಸ್ ನಾವ್ ಹಾಕ್ತೀವಿ ಮೇಡಂ’ ಎಂದ ಶ್ರೀನಗರ ಬಡಾವಣೆಯ ಒಬ್ಬ ಹುಡುಗ. ಕ್ಲಾಸಿನಲ್ಲಿ ಬಾಯಿ ಮುಚ್ಚದವನು ಅವನೇ.

ಜಯನಗರದ ಒಂದು ಪಾರ್ಕಿನ ಪಕ್ಕದ ರಸ್ತೆ, ಮಧ್ಯಾಹ್ನ. ಹೆಡ್‌ಫೋನು ಹಾಕಿಕೊಂಡೆ. ಇದ್ದ ಕಿವಿಯೂ ಮುಚ್ಚಿಕೊಂಡಿತು, ಜಯನಗರ ನೀರಿನೊಳಗೆ ಇಳಿದಂತಾಯಿತು. ಸೊಪ್ಪಿನವಳು ಬಾಯಿ ತೆರೆದು ಕೂಗಿದಳು, ಕೂಗು ಬರಲಿಲ್ಲ. ಸ್ಕೂಟರುಗಳು ತೇಲಿಕೊಂಡು ಹೋದವು. ಮರದಿಂದ ಗುಲಾಬಿ ಬಣ್ಣದ ಹೂಗಳು ಉದುರುತ್ತಿದ್ದವು, ಪಾರ್ಕಿನ ಬೆಂಚಿನಲ್ಲಿ ಅಜ್ಜ ಒಬ್ಬರು ಕೂತಲ್ಲೇ ನಿದ್ದೆ ಹೋಗಿದ್ದರು. ಇಷ್ಟೆಲ್ಲದರ ನಡುವೆ ನನ್ನೊಳಗೆ ನರಿಯ ಆ ಒಂದೇ ಪೀಂ. ನನಗೆ ಬಲು ಸುಖವೆನಿಸಿತು. ಯಾರು ಕರೆದರು, ಎತ್ತಲಿಂದ ಕರೆದರು ಎಂದು ಹೆದರಬೇಕಾದ ಅಗತ್ಯ ಅಲ್ಲಿರಲಿಲ್ಲ.

ಮೊದಲ ಗೆರೆ ಪಾರ್ಕಿನ ಗೇಟಿನತ್ತ ತೋರಿಸಿತು. ಅಲ್ಲಿ ಎಳನೀರಿನ ಗಾಡಿ, ನಮ್ಮದೇ ಹುಡುಗ ಹುಡುಗಿಯರ ಗುಂಪು. ಮುಂದಿನ ಕ್ರಾಸಿಗೆ ನಡೆದು ಇನ್ನೊಮ್ಮೆ ಹಿಡಿದೆ. ಈ ಗೆರೆ ಆ ಗೆರೆಯನ್ನು ಎಲ್ಲೂ ಸರಿಯಾಗಿ ಸೇರಲಿಲ್ಲ. ಮೂರನೆಯದಂತೂ ನಾನು ಬಂದ ದಾರಿಯನ್ನೇ ತೋರಿಸಿತು. ಹುಡುಗರು ನಗು ತಡೆದುಕೊಂಡು ಹಿಂದೆ ಬರುತ್ತಿದ್ದರು. ರಸ್ತೆ ದಾಟುವಾಗ ಗದಗಿನ ಕಡೆಯ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಅಕ್ಕನ ಜೊತೆ ಬಾಡಿಗೆ ಮನೆಯಲ್ಲಿರುವವಳು, ಓಡಿಬಂದು ನನ್ನ ಎಡ ಮೊಣಕೈ ಹಿಡಿದುಕೊಂಡಳು.

ಆ ಕಡೆ ಸೇರಿ ಲೂಪ್ ತಿರುಗಿಸಿದೆ. ಸದ್ದು ಅಡಗಲಿಲ್ಲ. ಪೂರ್ತಿ ಒಂದು ಸುತ್ತು ತಿರುಗಿದೆ. ಎತ್ತ ತಿರುಗಿದರೂ ಅಷ್ಟೇ ಜೋರಾಗಿ ಪೀಂ.

ಎಡಗಿವಿ ಹೋಗುವ ಮುಂಚೆಯೂ ಹೀಗೇ ಆಗಿತ್ತು. ಎತ್ತ ತಿರುಗಿದರೂ ಬಿಡದ ಒಂದು ಸದ್ದು. ಹೆಡ್‌ಫೋನು ತೆಗೆದರೆ ತಿಳಿಯುತ್ತದೆ, ಆದರೆ ತೆಗೆದ ಮೇಲೂ ಅದು ನಿಲ್ಲದಿದ್ದರೆ? ಹೂವಿನ ಮರದ ಕೆಳಗೆ ಎಂಬ್ರಾಯ್ಡರಿ ರಿಂಗು ಎತ್ತಿ ಹಿಡಿದು, ಮುಂದಿನ ಸೆಮಿಸ್ಟರಿಗೆ ನಾನು ಇರುವುದಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ. ಆಮೇಲೆ ತೆಗೆದೆ.

ಸೊಪ್ಪಿನವಳ ಕೂಗು ಬಂತು. ಹಾರ್ನು, ಕಾಗೆ, ಯಾರದೋ ಮನೆಯ ಕುಕ್ಕರಿನ ಸೀಟಿ. ಪೀಂ ಇರಲಿಲ್ಲ. ಹಾಗಾದರೆ ಸದ್ದು ಕಿವಿಯದಲ್ಲ, ನರಿಯದೇ. ಮಗ್ಗುಲಿಗೆ ಬಂದರೆ ಅಡಗುವುದಿಲ್ಲ ಎಂದವಳು ನಾನೇ ಅಲ್ಲವೇ? ಲೂಪ್ ಇಳಿಸಿ ಎಡಕ್ಕೆ ನೋಡಿದೆ. ಗದಗಿನ ಹುಡುಗಿಯ ಬ್ಯಾಗಿನ ಜಿಪ್ಪಿನಿಂದ ಸಣ್ಣ ತಂತಿಯೊಂದು ಹೊರಬಂದು ಪಟ್ಟಿಗುಂಟ ಹೆಗಲವರೆಗೆ ಹೋಗಿತ್ತು. ನರಿ ಇಷ್ಟು ಹೊತ್ತೂ ನನ್ನ ಹಿಂದೆಯೇ ನಡೆದು ಬಂದಿತ್ತು. ಅವಳು ನಗುತ್ತ ಏನೋ ಹೇಳಿದಳು. ಎಡಗಡೆಯ ಮಾತು, ಒಂದಕ್ಷರವೂ ನನಗೆ ಸಿಗಲಿಲ್ಲ.

ಎಂದಿನ ನಗೆ ತುಟಿಯವರೆಗೆ ಬಂತು. ಅದನ್ನು ನಗಲು ಅಂದು ನನಗೆ ಮನಸ್ಸಾಗಲಿಲ್ಲ.

‘ಈ ಕಡೆ ಬಂದು ಹೇಳಮ್ಮ. ಆ ಕಿವಿ ಕೇಳ್ಸಲ್ಲ ನಂಗೆ’ ಎಂದೆ.

ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅವಳು ಸುತ್ತಿಕೊಂಡು ಬಲಕ್ಕೆ ಬಂದಳು. ‘ಗೊತ್ತೈತ್ರಿ ಮೇಡಂ. ಅದಕ್ಕ ನಿಮ್ಮ ಎಡಕ್ಕ ದಿನಾ ಒಬ್ರರ ಇರ್ತೀವಲ್ರಿ. ಇವತ್ತ ನರಿನೂ ಅಲ್ಲೇ ಇಟ್ವಿ.’

ರಸ್ತೆಬದಿಯಲ್ಲೇ ನನಗೆ ಅಳು ಬಂತು. ರಿಂಗಿನ ತಂತಿ ಸರಿಮಾಡುತ್ತ ನಿಂತೆ. ಶ್ರೀನಗರದ ಹುಡುಗ ಜಾಗ ಮಾಡಿಕೊಂಡು ಬಂದು ನನ್ನ ಬಲಗಡೆಯೇ ನಿಂತ.

‘ಮೇಡಂ, ನರಿ ಎಲ್ಲಿದೆ ಅಂತ ನಾವೇ ಹೇಳ್ಬೇಕಾಯ್ತು, ನೀವು ಫೇಲ್. ಮುಂದಿನ ವರ್ಷ ಮತ್ತೆ ಬರ್ಬೇಕು.’

‘ಬರ್ತೀನಪ್ಪ’ ಎಂದೆ.