ಕೈಗುಣಕ್ಕೆ ಎರಡು ಡಬ್ಬಿ

ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ಹಳಿಯಾಳದ ನಮ್ಮ ಮನೆಯಲ್ಲಿ ಮೊಸರು ಆಗಲಿಲ್ಲ. ತಿಂಗಳೊಳಗೆ ಅದು ಮೂರನೆಯ ಸಲ; ಮೂರೂ ಸಲ ಹೆಪ್ಪು ಹಾಕಿದವಳು ನಾನು. ಮುಂಡಗೋಡದಿಂದ ಬಂದಿದ್ದ ನಾದಿನಿ ರೊಟ್ಟಿಯನ್ನು ಬರೀ ಚಟ್ನಿಯಲ್ಲಿ ಮುಗಿಸಿದಳು. ಬೈದಿದ್ದರೆ ವಾಸಿಯಿತ್ತು.

"ನಿನ್ನ ಕೈಗುಣ ಸುಮಾರೈತಿ, ನಮ್ಮವ್ವಾ. ಕಡೀ ಸೋಮವಾರ ಆಕಿ ಮತ್ತ ಬರ್ತಾಳ. ಹೆಪ್ಪು ನಾನ ಹಾಕತೇನಿ," ಎಂದರು ಅತ್ತೆ.

ನಾನು ಪತ್ರಿಕೆಯ ವರದಿಗಾರ್ತಿ. ಆಪಾದನೆ ಬಂದರೆ ಎರಡೂ ಕಡೆ ಕೇಳಬೇಕು. ಇಲ್ಲಿ ಇನ್ನೊಂದು ಕಡೆ ಹಾಲು, ಅದು ಮಾತಾಡುವುದಿಲ್ಲ. ಹಾಗಾಗಿ ಒಂದೇ ಎಮ್ಮೆಯ, ಒಂದೇ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನು ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗೆ ಹಾಕಿದೆ. ಒಂದಕ್ಕೆ ಅತ್ತೆ ಹೆಪ್ಪು ಹಾಕಿದರು, ಇನ್ನೊಂದಕ್ಕೆ ನಾನು. ಯಾವುದು ಯಾರದೆಂದು ನಮಗೆ ತಿಳಿಯದಂತೆ ನನ್ನ ಗಂಡ ತನ್ನ ಗುರುತಿಗೆ ಒಂದರ ತಳಕ್ಕೆ ಹಣೆಗಿಡುವ ಟಿಕಳಿ ಅಂಟಿಸಿ ಎರಡನ್ನೂ ಅದಲುಬದಲು ಮಾಡಿಟ್ಟ.

ಬೆಳಿಗ್ಗೆ ಎರಡೂ ಗಟ್ಟಿ. ನಾನು ಗೆದ್ದೆ ಎಂದುಕೊಂಡೆ.

"ಹೆಪ್ಪು ಯಾರ ಮೊಸರಿಂದು?" ಅತ್ತೆ ಕೇಳಿದರು.

"ನಿಮ್ದ, ಅತ್ಯಾರ."

"ಅಂದಮ್ಯಾಗ ಎರಡರಾಗೂ ನನ್ನ ಕೈ ಐತಿ."

ಆಕ್ಷೇಪ ಸರಿಯಾಗಿತ್ತು. ದೀಪ ಹಚ್ಚಿದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ದಾಂಡೇಲಿಯಲ್ಲಿ ಒಂದು ಸಭೆಯನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದು, ಹೊತ್ತು ಮುಳುಗುವ ಮೊದಲೇ ಪಕ್ಕದ ಮನೆಯಿಂದ ಹೆಪ್ಪು ತಂದೆ. ಮತ್ತೆ ಎರಡೂ ಗಟ್ಟಿ. ಪಕ್ಕದ ಮನೆಯಾಕೆಯ ಕೈಗುಣವೂ ಚಲೋ ಇದೆಯೆಂದು ಅತ್ತೆ ತೀರ್ಪು ಕೊಟ್ಟರು.

ಆಗ ನೆನಪಾಯಿತು. ಎರಡೂ ಸಲ ಅವರು ಹಾಲಿನಲ್ಲಿ ಕಿರುಬೆರಳು ಅದ್ದಿ ನೋಡಿ, "ಈಗ ಹಾಕು" ಎಂದಿದ್ದರು. ಕೆಟ್ಟ ಮೂರೂ ದಿನ ನಾನು ಸುದ್ದಿ ಕಳಿಸುವ ಗಡಿಬಿಡಿಯಲ್ಲಿ ಬಿಸಿ ಹಾಲಿಗೇ ಹೆಪ್ಪು ಹಾಕಿದ್ದೆ.

ಮೂರನೆಯ ಸಲ ಎರಡಕ್ಕೂ ನಾನೇ ಹಾಕಿದೆ: ಒಂದು ಬಿಸಿ, ಒಂದು ಉಗುರುಬೆಚ್ಚಗೆ. ಬಿಸಿಯದು ಕೆಟ್ಟಿತು. ಲೆಕ್ಕ ಪೂರ್ತಿಯಾಗಲು ಅತ್ತೆಯೂ ಬಿಸಿ ಹಾಲಿಗೆ ಹಾಕಿ ನೋಡಬೇಕಿತ್ತು. ಕೇಳಿದೆ.

"ನನಗೇನ ಹುಚ್ಚ ಹಿಡದೈತಿ?"

ತಪ್ಪು ಕೈಯದಲ್ಲ, ಬಿಸಿಯದು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಕಿರುಬೆರಳು ಎತ್ತಿ ತೋರಿಸಿದರು.

"ಇದು ಕೈಯಾಗ ಐತೋ, ಕಾಲಾಗ ಐತೋ?"

ಕಡೆಯ ಸೋಮವಾರದ ಮೊಸರಿಗೆ ಹೆಪ್ಪು ಹಾಕಿದ್ದು ನಾನು. ಬೆರಳು ಅದ್ದಿದ್ದು ಅತ್ತೆ. ನಾದಿನಿ ಎರಡು ಸಲ ಬಡಿಸಿಕೊಂಡಳು. ನಿನ್ನೆ ಸಂಜೆಯೂ ಹೆಪ್ಪು ನನ್ನದು, ಬೆರಳು ಅವರದು.