ಕೈ ಹಿಡಿದವರನ್ನು ಕೆಡವುವ ಪೈಲ್ವಾನ

ಶಿರಗುಪ್ಪಿಯ ರಾವಸಾಹೇಬ ಪೈಲ್ವಾನ ಹರೆಯದಲ್ಲಿ ಕಬ್ಬಿನ ಗಾಡಿ ಕೆಸರಿನಲ್ಲಿ ಹೂತರೆ ಎತ್ತು ಬಿಚ್ಚಿ ತಾನೇ ನೊಗಕ್ಕೆ ಹೆಗಲು ಕೊಡುತ್ತಿದ್ದ. ಅಂಥ ಆಳು ಈಗ ಕಟ್ಟೆಯಿಂದ ಏಳುವಾಗ ಮುಲುಕಿದರೆ ಆಚೆ ಓಣಿಯ ನನ್ನ ಮನೆಗೆ ಕೇಳಿಸುತ್ತದೆ.

ಆದರೂ ಒಂದು ಮಾನ ಉಳಿದಿತ್ತು. ಊರ ಕುಸ್ತಿಗೆ ಪಂಚ ಅವನೇ. ಬಿದ್ದವನ ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ ಎಂದು ನೆಲಮಟ್ಟ ಕೂತು ನೋಡಿ, ಎದ್ದು ಗೆದ್ದವನ ಕೈ ಎತ್ತಬೇಕು. ಹೋದ ವರ್ಷ ಕೂತವನು ಏಳಲೇ ಇಲ್ಲ. ಸೋತವನೂ ಗೆದ್ದವನೂ ಸೇರಿ ಎತ್ತಿ ನಿಲ್ಲಿಸಿದರು.

"ಈ ಸಲಾನೂ ಏಳಲಿಲ್ಲಂದ್ರ ಪಂಚನ ಸೀಟಿ ನನ್ನ ಕೊಳ್ಳಾಗ ನೋಡಲೇ" ಎಂದ ಅವನ ಕುಸ್ತಿಯ ಹಳೆಯ ಜೋಡಿ ಬಾಳಾಸಾಬ.

ಅಂದು ರಾತ್ರಿ ಗಂಡ ಆರೇ ರೊಟ್ಟಿ ತಿಂದನೆಂದು ಕಸ್ತೂರೆವ್ವ ಕಣ್ಣೀರು ಹಾಕಿದಳು.

ಮಿರಜದಲ್ಲಿ ಫಿಜಿಯೊಥೆರಪಿ ಕಲಿಯುವ ಮೊಮ್ಮಗಳು ಸ್ನೇಹಲ ಉಪಾಯ ಹೇಳಿದಳು: "ಅಜ್ಜಾ, ಜೋಡಿ ವ್ಯಾಯಾಮ ಮಾಡು. ಎದುರಾ ಎದುರು ನಿಂತು ಕೈ ಕೈ ಹಿಡದು ಸಾವಕಾಶ ಕುಂದ್ರೂದು, ಸಾವಕಾಶ ಏಳೂದು. ಆಮ್ಯಾಲ ಒಂಟಿ ಕಾಲಮ್ಯಾಲ ನಿಂದ್ರೂದು. ಕಾಲಿಗೆ ಕಸುವು ಬರ್ತೈತಿ, ತೋಲ ತಪ್ಪಿ ಬೀಳೂದಿಲ್ಲ."

ಮೊದಲು ಅಳಿಯ ಸುಹಾಸ ಕೈ ಕೊಟ್ಟ. ಕೊಟ್ಟದ್ದಷ್ಟೇ ಅವನಿಗೆ ನೆನಪು. ಕಣ್ಣು ಬಿಟ್ಟಾಗ ಮೇವಿನ ಬಣವೆಯಲ್ಲಿ ತಲೆಕೆಳಗಾಗಿದ್ದ. ಹಳೆಯ ಪೈಲ್ವಾನನ ಮುಷ್ಟಿಗೆ ಮಣಿಕಟ್ಟು ಸಿಕ್ಕರೆ ಉಳಿದದ್ದನ್ನು ಮೈ ತಾನೇ ಮಾಡಿ ಮುಗಿಸುತ್ತದೆ.

"ನಾ ಏನೂ ಮಾಡಿಲ್ರಿ ಅಳಿಯಂದ್ರ, ಕೈ ಮಾಡ್ತು!"

ಮರುದಿನ ಕೈ ಕೊಟ್ಟ ಹಾಲಿನವನು ಎಮ್ಮೆಯ ಗೋದಲಿಗೆ ಬಿದ್ದ. ಅಲ್ಲಿಂದ ಊರವರೆಲ್ಲ ರಾವಸಾಹೇಬನಿಗೆ ದೂರದಿಂದಲೇ ನಮಸ್ಕಾರ ಹಾಕತೊಡಗಿದರು.

ಕಡೆಗೆ ಕಸ್ತೂರೆವ್ವ ಸೆರಗು ಬಿಗಿದಳು.

"ನೀ ಬ್ಯಾಡ ಬೇ. ನಿನ್ನ ಕೆಡವಿದ್ರ ರೊಟ್ಟಿ ಯಾರ ಬಡೀತಾರ?"

"ಕೈ ಕೊಟ್ರ ತಾನ ಕೆಡವೂದು? ಬೆನ್ನ ಕೊಡ್ತೀನಿ. ತಿರಗ್ರಿ ಆ ಕಡೆ!"

ಅಂದಿನಿಂದ ಮುಂಜಾನೆ ಅಂಗಳದಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ, ಕೈ ಕಟ್ಟಿ ಕೂರುತ್ತಿದ್ದರು. ಒಬ್ಬರ ಬೆನ್ನನ್ನೊಬ್ಬರು ಒತ್ತುತ್ತ ಏಳಬೇಕು.

"ನೂಕಬ್ಯಾಡ ಬೇ!"

"ನಿಮ್ಮ ಭಾರ ನೀವ ಎತ್ರಿ ಮೊದಲ!"

ಒಲೆಯ ಮೇಲೆ ಹಾಲು ಉಕ್ಕಿತೆಂದರೆ ಅವಳು ಪಟ್ಟನೆ ಎದ್ದು ಓಡುವಳು, ಇವನು ಹಿಂದಕ್ಕೆ ಉರುಳಿ ಚಿತ್. ಅಥಣಿ, ಕಾಗವಾಡದ ಯಾವ ಪೈಲ್ವಾನನೂ ರಾವಸಾಹೇಬನ ಬೆನ್ನಿಗೆ ಮಣ್ಣು ಹತ್ತಿಸಿರಲಿಲ್ಲ. ಕಸ್ತೂರೆವ್ವ ದಿನಾ ಹತ್ತಿಸಿದಳು.

ಕುಸ್ತಿಯ ದಿನ ಬಂತು. ಹಲಗಿ ವಾದ್ಯ ಮೊಳಗಿತು. ಹುಡುಗನೊಬ್ಬ ಬಿದ್ದ. ರಾವಸಾಹೇಬ ಕೂತು ನೋಡಿ ಸೀಟಿ ಊದಿದ. ಈಗ ಏಳಬೇಕು. ಅರ್ಧ ಎದ್ದ, ಮೊಣಕಾಲು ಗಡಗಡ ನಡುಗಿತು. ಬೆನ್ನಿಗೆ ಒತ್ತಲು ಕಸ್ತೂರೆವ್ವ ಇರಲಿಲ್ಲ. ಹಲಗಿಯೂ ನಿಂತಿತು.

ಎಷ್ಟಾದರೂ ಹಳೆಯ ಗೆಳೆಯ. ಬಾಳಾಸಾಬನಿಗೆ ನೋಡಲಾಗಲಿಲ್ಲ. ಕಣಕ್ಕೆ ಓಡಿ ಬಂದು, "ಹಿಡಿಯೋ ದೋಸ್ತ" ಎಂದು ಕೈ ಚಾಚಿದ.

"ಕೈ ಕೊಡಬ್ಯಾಡ್ರಿ!" ಎಂದು ಊರಿಗೆ ಊರೇ ಕೂಗಿತು.

ಹೊತ್ತು ಮೀರಿತ್ತು. ಧೂಳು ಇಳಿದಾಗ ರಾವಸಾಹೇಬ ಕಂಬದಂತೆ ನಿಂತಿದ್ದ, ಬಾಳಾಸಾಬ ಅಂಗಾತ ಬಿದ್ದಿದ್ದ. ಪಂಚನ ಕೆಲಸ ಬಿಡಲಾದೀತೇ? ರಾವಸಾಹೇಬ ಮತ್ತೆ ನೆಲಮಟ್ಟ ಕೂತು, ಬೆನ್ನಿಗೆ ಮಣ್ಣು ಹತ್ತಿದ್ದು ನೋಡಿ, ಕೆಡವಿದ ಹುರುಪಿನಲ್ಲಿ ಯಾರ ಆಸರೆಯೂ ಇಲ್ಲದೆ ಎದ್ದು ಸೀಟಿ ಊದಿದ. ಜನ ಪೇಟ ತೂರಿದರು.

"ಸೀಟಿ ನೀನ ಇಟಗೊಳಪಾ. ಮೊದಲ ನನ್ನ ಎಬ್ಬಸು" ಎಂದು ಬಾಳಾಸಾಬ ನರಳಿದ.

"ಕೈ ಕೊಡು ಮತ್ತ."

"ಕೈ ಒಲ್ಲೆ ಮಾರಾಯಾ! ಬೆನ್ನ ಕೊಡು!"